ಲಕೋಟೆಯ ಮೇಲಿನ ತಾರೀಕು

ನಮ್ಮ ಕೌಂಟಿಯ ಚುನಾವಣಾ ಕಚೇರಿಯಲ್ಲಿ ವರ್ನಾ ಹೋಸ್ಟೆಟರ್ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಪಕ್ಕದ ಮೇಜು ನನ್ನದು. ಮಧ್ಯಾಹ್ನವಾದರೆ ಬೀಟ್‌ರೂಟ್ ರಸದಲ್ಲಿ ನೆನೆಸಿದ ಮೊಟ್ಟೆಯ ಡಬ್ಬಿ ನನ್ನ ಮುಂದೆ ಹಿಡಿಯುವಳು. ಕಾನೂನಿನ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಬಿಟ್ಟುಕೊಡುವವಳಲ್ಲ. ಅದಕ್ಕೆ ಅವಳನ್ನು ರೇಗಿಸುತ್ತಿದ್ದೆ. ಈಗ ರೇಗಿಸುವುದಿಲ್ಲ.

ಆ ನವೆಂಬರ್‌ನಲ್ಲಿ ಅಂಚೆಯಲ್ಲಿ ಬಂದ ಮತಗಳ ಲಕೋಟೆ ವಿಂಗಡಿಸುವಾಗ ಒಂದರ ಮೇಲೆ ಅವಳ ಕೈ ನಿಂತಿತು. ಎಲ್ವುಡ್ ಕ್ರೈಡರ್ ಅವರದು. ಚಿಕ್ಕಂದಿನಲ್ಲಿ ಅವಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಬಸ್ಸಿನ ಚಾಲಕ. ಒಂದು ಚುನಾವಣೆಯನ್ನೂ ತಪ್ಪಿಸಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುವವರು. ಸಹಿಯ ಪಕ್ಕ ಸಹಿ ಹಾಕಿದ ದಿನದ ತಾರೀಕು ಬರೆಯಬೇಕಿತ್ತು; ಅದು ತಪ್ಪಿದರೆ ಮತ ಎಣಿಸುವಂತಿಲ್ಲ. ಅವರು ಹುಟ್ಟಿದ ತಾರೀಕು ಬರೆದಿದ್ದರು: ಮೇ ೯, ೧೯೩೮.

"ಫೋನ್ ಮಾಡೇ, ಬಂದು ಸರಿ ಮಾಡ್ಲಿ. ಚುನಾವಣೆಗೆ ಇನ್ನೂ ಎರಡು ದಿನ ಇದೆ" ಎಂದೆ.

"ಫೋನ್ ಮಾಡ್ಬಾರ್ದು ಅಂತ ಕೌಂಟಿ ವಕೀಲರು ಬರೆದು ಕಳ್ಸಿದಾರೆ."

"ನಿನ್ನ ಕಾನೂನಿಗಿಷ್ಟು ಬೆಂಕಿ ಹಾಕ!"

ಅವಳು ಲಕೋಟೆಯನ್ನು ಒಡೆಯದೆ ತಿರಸ್ಕೃತ ಮತಗಳ ಪೆಟ್ಟಿಗೆಗೆ ಹಾಕಿದಳು.

ಊರ ಮಂಡಳಿಯ ಸ್ಥಾನಕ್ಕೆ ನಿಂತ ಇಬ್ಬರಿಗೂ ನಾನೂರ ಹನ್ನೆರಡು ಮತ ಬಂದವು. ಸಮವಾದರೆ ನಮ್ಮಲ್ಲಿ ಚೀಟಿ ಎತ್ತುತ್ತಾರೆ. ಕಾಫಿ ಡಬ್ಬಿಗೆ ಕೈಹಾಕಿ ಎತ್ತಿದವಳು ವರ್ನಾಳೇ. ಕ್ರೈಡರ್ ತಮ್ಮ ಅಂಗಳದಲ್ಲಿ ಯಾರ ಪ್ರಚಾರದ ಫಲಕ ನೆಟ್ಟಿದ್ದರೋ ಆ ಹೆಂಗಸು ಸೋತಳು.

ಮರುವಾರ ಕ್ರೈಡರ್ ಆಸ್ಪತ್ರೆ ಸೇರಿದರೆಂದು ತಿಳಿದು ನೋಡಲು ಹೋದೆವು. ಮೂಗಿಗೆ ನಳಿಗೆ ಸಿಕ್ಕಿಸಿದ್ದರೂ ಮುಖ ಅರಳಿತ್ತು.

"ನೋಡ್ದೇನೇ ಮರೀ, ನನ್ನ ಓಟು ಬೀಳ್ದೆ ಇದ್ದಿದ್ರೆ ಅವಳು ಒಂದರಲ್ಲಿ ಸೋಲ್ತಿದ್ಲು! ಸಮ ಮಾಡಿದ್ದು ನಾನೇ. ಚೀಟಿ ಕೈಕೊಟ್ರೆ ನಾನೇನ್ ಮಾಡ್ಲಿ? ಎಣಿಸಿದ್ರಿ ತಾನೇ?"

"ಎಣಿಸಿದ್ವಿ, ಕ್ರೈಡರ್ ಅವರೇ" ಎಂದಳು ವರ್ನಾ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಹತ್ತು ದಿನಕ್ಕೆ ಅವರು ತೀರಿಕೊಂಡರು. ಆಮೇಲೆ ವರ್ನಾ ಯಾವ ಲಕೋಟೆ ಮುಟ್ಟಿದರೂ ಬೆಚ್ಚುತ್ತಿದ್ದಳು. "ಒಳಗಿಂದ ಕೇಳ್ತಾರೆ ಕಣೇ, 'ಎಣಿಸಿದ್ರಿ ತಾನೇ' ಅಂತ" ಎನ್ನುವಳು. ಹುಚ್ಚು ಎಂದು ಗದರಿಸುತ್ತಿದ್ದೆ, ನನಗೂ ಭಯವಾಗುತ್ತಿತ್ತು.

ಮರುವರ್ಷ ರಾಜ್ಯದ ನ್ಯಾಯಾಲಯ ತೀರ್ಪು ಕೊಟ್ಟಿತು: ಚುನಾವಣೆ ಮುಕ್ತವೂ ಸಮಾನವೂ ಆಗಿರಬೇಕೆಂದು ರಾಜ್ಯದ ಸಂವಿಧಾನ ಹೇಳುವಾಗ, ತಾರೀಕು ತಪ್ಪಿತೆಂದು ಮತ ತಳ್ಳಿಹಾಕಬಾರದು. ಆದರೆ ಮುಗಿದ ಚುನಾವಣೆಗೆ ಅದು ಅನ್ವಯಿಸದು. ವರ್ನಾ ಅದನ್ನು ಮೂರು ಸಲ ಓದಿದಳು. ಆ ಲಕೋಟೆ ನಮ್ಮ ಕಾಲ ಕೆಳಗೇ, ನೆಲಮಾಳಿಗೆಯ ಪೆಟ್ಟಿಗೆಯಲ್ಲಿ, ಒಡೆಯದೆ ಬಿದ್ದಿತ್ತು.

ಅದೇ ವಾರ ಕ್ರೈಡರ್ ಅವರ ಹೆಂಡತಿ ಮೇಬಲ್ ಬಂದರು. ಸಮಾಧಿಯ ಕಲ್ಲು ಕೆತ್ತುವವನು ಕೊಟ್ಟ ಕಾಗದವನ್ನು ವರ್ನಾಳ ಮುಂದೆ ಹರಡಿದರು. ಹೆಸರು. ಮೇ ೯, ೧೯೩೮. ಸತ್ತ ತಾರೀಕು. ಅದರ ಕೆಳಗೆ: 'ಒಂದು ಚುನಾವಣೆಯಲ್ಲೂ ಮತ ತಪ್ಪಿಸಲಿಲ್ಲ.'

"ಇದು ಸರೀನಾ ನೋಡಮ್ಮ. ಕಲ್ಲಿನ ಮೇಲೆ ಸುಳ್ಳಿರಬಾರ್ದು. ನಿನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ವರ್ನಾ ಹುಟ್ಟಿದ ತಾರೀಕಿನ ಮೇಲೆ ಬೆರಳಿಟ್ಟಳು.

"ಅವರು ತಪ್ಪಿಸ್ಲಿಲ್ಲ" ಎಂದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು, ಮೇಬಲ್ ಆಗಲೇ ಅವಳ ಕೈ ಹಿಡಿದು ಅಳುತ್ತಿದ್ದರು.

ಆ ಡಿಸೆಂಬರ್‌ನಲ್ಲಿ ವರ್ನಾ ಕೆಲಸ ಬಿಟ್ಟಳು. ಅವಳ ಮನೆಯಿಂದ ಪೇಟೆಗೆ, ಆ ಕಲ್ಲು ನಿಂತಿರುವ ಸ್ಮಶಾನದ ಪಕ್ಕದಲ್ಲೇ ನೇರ ರಸ್ತೆಯಿದೆ. ಅವಳು ಇವತ್ತಿಗೂ ಆರು ಮೈಲಿ ಸುತ್ತಿಕೊಂಡು ಬರುತ್ತಾಳೆ.