ನಾನು ಬಡಿಯದೆ ಬಿಟ್ಟ ಹಣ್ಣು

ಸಹನಾ, ವಿನಯ, ಮೊನ್ನೆ ನೀವಿಬ್ಬರೂ ಸಂತೆಯಿಂದ ಕಲ್ಲಂಗಡಿ ತಂದು ನಡುಮನೆಯಲ್ಲಿಟ್ಟು, ಬೆರಳಿನ ಗೆಣ್ಣಿನಿಂದ ಅದನ್ನು ಬಡಿಯುತ್ತಾ, "ಅಜ್ಜಿ, ಹಣ್ಣಾಗೈತೇನು, ನೀನಾ ಹೇಳು" ಎಂದು ಕೇಳಿದಿರಿ. ನಾನು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ನನಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ಆ ದಬ್ ದಬ್ ಸದ್ದು ಕೇಳುತ್ತಾ ಕೂರಲು ಇವತ್ತಿಗೂ ನನ್ನಿಂದ ಆಗುವುದಿಲ್ಲ. ಈ ಹಣ್ಣನ್ನು ನಾನೇಕೆ ಬಾಯಿಗೆ ಹಾಕುವುದಿಲ್ಲ ಎಂಬುದು ನಿಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಥಂಡಿಯ ಮೈ ಇರಬೇಕು ಅಂದುಕೊಂಡೇ ಅವರು ಹೋದರು. ಎದುರಿಗೆ ಕೂತು ಹೇಳುವ ಬಾಯಿ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರಗಳಿವೆ, ಅವುಗಳಲ್ಲೇ ಬರೆಯುತ್ತೇನೆ.

ನನ್ನ ತವರು ಹಲವಾಗಲು. ಹೊಳೆಯ ನೀರು ಇಳಿದು ಮರಳು ತೇಲಿದ ಮೇಲೆ ಅಲ್ಲಿ ಕೆಲವರು ಗುಂಡಿ ತೋಡಿ ಕಲ್ಲಂಗಡಿ ಹಾಕುತ್ತಿದ್ದರು. ನಮ್ಮ ಅಪ್ಪ ಅವರಿಂದ ಒಂದು ಹಿಡಿ ಬೀಜ ತಂದು, ಸಂಕ್ರಾಂತಿ ಹೊತ್ತಿನ ಬನದ ಹುಣ್ಣಿಮೆ ಕಳೆದ ಮೇಲೆ ನಮ್ಮ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ ಊರುತ್ತಿದ್ದ. ಮೊದಲು ಮೊಣಕಾಲುದ್ದ ಗುಂಡಿ ತೋಡಿ, ಕುರಿ ಹಿಕ್ಕೆ ಮತ್ತು ಹೊಳೆಯ ಮರಳು ತುಂಬಿ, ಬೀಜವನ್ನು ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆ ಮೂಗು ತೋರಿಸಿದ ಮೇಲೆ ಇಡುವುದು. ಬೆಳಗ್ಗೆ ಅವ್ವನ ಸ್ನಾನದ ಸೀಗೆಕಾಯಿ ನೀರು, ಅಪ್ಪನ ಕಾಲು ತೊಳೆದ ನೀರು, ಎಲ್ಲವೂ ಆ ಬಳ್ಳಿಗೇ. ಬಿಸಿಲೇರಿದಾಗ ಹಿತ್ತಲಿನಿಂದ ಹಸಿ ಎಲೆಯ ಒಗರು ವಾಸನೆ ಅಡಿಗೆಮನೆಯವರೆಗೆ ಬರುತ್ತಿತ್ತು. ಹೀಚು ಬಿಟ್ಟಾಗ ಯಾರೂ ಅದರ ಕಡೆ ಬೆರಳು ನೀಡಿ ತೋರಿಸುವಂತಿರಲಿಲ್ಲ, ತೋರಿಸಿದರೆ ಉದುರುತ್ತದೆ ಎಂಬ ಮಾತು. ಬೆರಳು ಮಡಿಸಿ ತೋರಿಸಬೇಕು. ಹೊರಗಾದ ಹೆಂಗಸರು ಬಳ್ಳಿಯ ಹತ್ತಿರ ಸುಳಿಯುವಂತಿರಲಿಲ್ಲ. ಅವರು ಮುಟ್ಟಿದ ಕಾಯಿ ಒಳಗೇ ಕೊಳೆಯುತ್ತದೆ ಎಂದು ಅವ್ವ ಹೇಳುತ್ತಿದ್ದಳು, ತಾನೂ ಆ ಮೂರು ದಿನ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗುತ್ತಿರಲಿಲ್ಲ.

ಹಣ್ಣು ನೋಡುವುದನ್ನು ನನಗೆ ಕಲಿಸಿದವನು ಅಪ್ಪ. ಮಾವಿನಕಾಯಿಯ ಹಾಗೆ ಕಿತ್ತು ಹುಲ್ಲಿನಲ್ಲಿಟ್ಟರೆ ಇದು ಹಣ್ಣಾಗುವುದಿಲ್ಲ, ಬಳ್ಳಿಯ ಮೇಲೆ ಎಷ್ಟಾಗಿತ್ತೋ ಅಷ್ಟೇ. ಆದ್ದರಿಂದ ದುಡುಕಬಾರದು. ತೊಟ್ಟಿನ ಪಕ್ಕದಲ್ಲಿ ಸುರುಳಿ ಸುತ್ತಿದ ಕುಡಿ ಇರುತ್ತದಲ್ಲ, ಅದು ಒಣಗಿ ಕಂದಾಗಬೇಕು. ನೆಲಕ್ಕೆ ತಾಗಿದ ಹೊಟ್ಟೆಯ ಬಿಳುಪು ಬೆಣ್ಣೆ ಕಾಯಿಸುವಾಗಿನ ಹಳದಿಗೆ ತಿರುಗಬೇಕು. ಇಷ್ಟು ನೋಡಿದ ಮೇಲೆ ಕಿವಿ ಹತ್ತಿರ ತಂದು ಬಡಿಯಬೇಕು. ಕಾಯಿಯಾದರೆ ಹಣೆ ಬಡಿದ ಹಾಗೆ ಟಣ್ ಅನ್ನುತ್ತದೆ, ಹಣ್ಣಾದರೆ ಎದೆ ಬಡಿದ ಹಾಗೆ ದಬ್ ಅನ್ನುತ್ತದೆ. ಯಾಕೋ ಆ ಸದ್ದು ನನ್ನ ಕಿವಿಗೆ ಚೆನ್ನಾಗಿ ಹತ್ತಿತು. ಎರಡು ಬೇಸಿಗೆಯಲ್ಲಿ ನಾನು ಹೇಳಿದ ಒಂದು ಹಣ್ಣೂ ಸಪ್ಪೆಯಾಗಲಿಲ್ಲ. ಓಣಿಯ ಜನರೂ ತಮ್ಮ ಕಾಯಿ ನೋಡಲು ನನ್ನನ್ನು ಕರೆಯುತ್ತಿದ್ದರು. ನಾನು ನಾಚಿಕೊಂಡು ತಲೆ ಎತ್ತದೆ ಹೋಗಿ, ಬಡಿದು, ಒಂದು ಮಾತು ಹೇಳಿ ಓಡಿ ಬರುತ್ತಿದ್ದೆ. ನನ್ನನ್ನು ನಾಲ್ಕು ಜನರು ಕೇಳುತ್ತಿದ್ದುದು ಅದೊಂದು ವಿಷಯಕ್ಕೆ ಮಾತ್ರ.

ನನಗೆ ಹದಿಮೂರು ವರ್ಷ ಇದ್ದಾಗ ಅಕ್ಕ ಬಾಣಂತನಕ್ಕೆ ಬಂದಳು. ಕೊಟ್ರಮ್ಮ ಅವಳ ಹೆಸರು, ಕೂಡ್ಲಿಗಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಏಳು ತಿಂಗಳು ತುಂಬಿತ್ತು. ಬಸ್ಸಿನಿಂದ ಇಳಿದಾಗ ಅವಳ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದು ಬಂದಿದ್ದಳು. ಮುಖ ಊದಿತ್ತು. ತಲೆನೋವು ಎಂದು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ರೊಟ್ಟಿ ಕಂಡರೆ ಓಕರಿಕೆ, ಅನ್ನ ಕಂಡರೆ ಓಕರಿಕೆ. ಹಿತ್ತಲ ಬಳ್ಳಿಯಲ್ಲಿ ಆ ವರ್ಷ ಮೊದಲು ಕಚ್ಚಿದ ಒಂದೇ ಕಾಯಿ ನೀರಿನ ಕೊಡದಷ್ಟು ದೊಡ್ಡದಾಗಿತ್ತು, ಉಳಿದವು ಇನ್ನೂ ಮುಷ್ಟಿ ಗಾತ್ರ. ಅದರ ಮೇಲೆ ಅವಳ ಕಣ್ಣು. "ನಾಗಿ, ಬ್ಯಾರೆ ಏನೂ ಬ್ಯಾಡಲೇ ನನಗ. ಅದೊಂದು ಹಣ್ಣು ಕೊಯ್ದು ಕೊಡು. ನಾಲಿಗಿ ಕಟಿಗಿ ಆಗೈತಿ" ಎನ್ನುತ್ತಿದ್ದಳು. ಅವ್ವ ಒಳಗಿನಿಂದಲೇ, "ಆಗ್ಲಿ ತಡಿಯವ್ವ, ಬಸುರಿಗೆ ಹಸಿಕಾಯಿ ಕೊಟ್ಟು ಹೊಟ್ಟಿ ಕೆಡಸ್ಲೇನು? ನಾಗಿ ಹೂಂ ಅನ್ನಲಿ, ಆಮ್ಯಾಲೆ ನೀನೊಬ್ಬಾಕೀನಾ ತಿನ್ನುವಂತಿ" ಎನ್ನುತ್ತಿದ್ದಳು. ಹೀಗೆ ಅವಳು ತಿನ್ನುವುದು ಬಿಡುವುದು ನನ್ನ ಒಂದು ಮಾತಿಗೆ ಬಂದು ನಿಂತಿತ್ತು.

ಯುಗಾದಿ ಆಗಿ ವಾರದ ಮೇಲೆ ಒಂದು ಬೆಳಗ್ಗೆ ಎದ್ದಾಗ ನಾನು ದೊಡ್ಡವಳಾಗಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಸೊಪ್ಪಿನ ಗುಡಿಸಲು ಕಟ್ಟಿ ಮೂಲೆಗೆ ಕೂರಿಸುತ್ತಾರೆ, ಓಣಿಯ ಹೆಂಗಸರೆಲ್ಲ ಬಂದು ಆರತಿ ಮಾಡಿ ಹಾಡುತ್ತಾರೆ, ಗಂಡಸರಿಗೂ ತಿಳಿಯುತ್ತದೆ. ಎಲ್ಲಕ್ಕಿಂತ, ಶಾಲೆ ಬಿಡಿಸುತ್ತಾರೆ. ಪರೀಕ್ಷೆಗೆ ಹದಿನೈದು ದಿನ ಉಳಿದಿದ್ದವು. ಹಳೆಯ ಲಂಗ ಹರಿದು ನಾನೇ ಹೇಗೋ ಮಾಡಿಕೊಂಡೆ. ಅದೇ ಹೊತ್ತಿಗೆ ಅಕ್ಕ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು, ನನ್ನ ಮುಂಗೈ ಹಿಡಿದಳು. "ಬಾರಲೇ, ಇವತ್ತು ನೋಡು" ಎಂದಳು.

ನಾನು ನೋಡಿದೆ. ಕುಡಿ ಒಣಗಿ ಕಡ್ಡಿಯಾಗಿತ್ತು. ಬಗ್ಗಿ ನೋಡಿದರೆ ಹೊಟ್ಟೆ ಹಳದಿಯಾಗಿತ್ತು. ಇನ್ನು ಬಡಿಯುವುದು ಮಾತ್ರ ಉಳಿದಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮುಟ್ಟಿದರೆ ಕೊಳೆಯುತ್ತದೆ, ಆ ಕೊಳೆತದ್ದನ್ನು ಅಕ್ಕ ತಿನ್ನುತ್ತಾಳೆ, ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆಗುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ, ಈ ದಿನಗಳು ಮುಗಿಯುವವರೆಗೆ ಹೇಗಾದರೂ ಮುಂದೂಡಬೇಕು.

"ಯಾಕಲೇ ದೂರ ನಿಂತಿ? ಅದೇನು ಹಾವೇನು, ಕಚ್ಚಾಕ?" ಅಕ್ಕ ನಕ್ಕಳು.

"ಇನ್ನಾ ಎಂಟು ದಿನ ಬೇಕಕ್ಕ."

"ಬಡೀಲಾರದಾ ಹೇಳ್ತಿ?"

"ನೋಡಿದ್ರಾ ಗೊತ್ತಾಗತೈತಿ ನನಗ."

ಅವಳು ಹಣೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡಳು. "ಹೂಂ, ಓಣಿಗೆಲ್ಲ ಶ್ಯಾಣ್ಯಾಕಿ ನೀನು. ಎಂಟು ದಿನ ಅಂದ್ರ ಎಂಟು ದಿನ" ಎಂದು ಮತ್ತೆ ಗೋಡೆ ಹಿಡಿದು ಒಳಗೆ ಹೋದಳು. ಆ ಮನೆಯಲ್ಲಿ ನಾನು ದೊಡ್ಡವಳಾದ ಮಾತು ಹೇಳಬಹುದಾಗಿದ್ದು ಅಕ್ಕನ ಮುಂದೆ ಮಾತ್ರ. ಕಿವಿಯಲ್ಲಿ ಹೇಳಿದ್ದರೆ ಅವಳು ಬಾಯಿಗೆ ಸೆರಗು ಒತ್ತಿ ನಕ್ಕು, ಯಾರಿಗೂ ತಿಳಿಸದೆ ತಾನೇ ಬಡಿದು ನೋಡುತ್ತಿದ್ದಳು.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಮೈ ಸೆಟೆದು ಸೆಳೆತ ಬಂತು. ಹಲ್ಲು ಕಚ್ಚಿಕೊಂಡವು. ಅಪ್ಪ ಗಾಡಿ ಕಟ್ಟಿದ. ಹರಪನಹಳ್ಳಿಯ ದವಾಖಾನೆ ಮುಟ್ಟುವ ಮೊದಲೇ ಮತ್ತೆರಡು ಸಲ ಬಂದಿತ್ತಂತೆ. ಮಧ್ಯಾಹ್ನಕ್ಕೆ ಅವಳೂ ಇಲ್ಲ, ಕೂಸೂ ಇಲ್ಲ. ಭಾವನ ಮನೆಯವರು ಬಂದು ತಮ್ಮ ಊರಿಗೆ ಒಯ್ದು ಮಣ್ಣು ಮಾಡಿದರು.

ಮೂರನೆಯ ದಿನ ಎಡೆ ಇಡಲು ನಾವು ಹೋಗಬೇಕಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಗುದ್ದಿನ ಮೇಲೆ ಇಡುವುದು ನಮ್ಮಲ್ಲಿ ಪದ್ಧತಿ. ಅವ್ವ ಹಿತ್ತಲಿಗೆ ಹೋಗಿ, ಯಾರನ್ನೂ ಕೇಳದೆ ಆ ಹಣ್ಣನ್ನು ಕಿತ್ತಳು. ಕೂಡ್ಲಿಗಿಯವರೆಗೆ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಸೆರಗು ಮುಚ್ಚಿಕೊಂಡು ಕೂತಿದ್ದಳು. ಪಕ್ಕದ ಹೆಂಗಸು ಕೂಸೆಂದು ತಿಳಿದು, "ಎಷ್ಟು ತಿಂಗಳದ್ರಿ?" ಎಂದು ಕೇಳಿದಳು. ಅವ್ವ ಸೆರಗನ್ನು ಇನ್ನಷ್ಟು ಎಳೆದು ಮುಚ್ಚಿದಳು.

ಹಸಿ ಮಣ್ಣಿನ ಮುಂದೆ ಕೂತು ಅಪ್ಪ ಹಣ್ಣಿಗೆ ಕುಡುಗೋಲು ಹಚ್ಚಿದ. ಹಚ್ಚಿದ ಕೂಡಲೇ ತಾನೇ ಬಿರಿದು ಎರಡಾಯಿತು. ಒಳಗೆ ಕೆಂಪು ಕಪ್ಪಿಗೆ ತಿರುಗಿತ್ತು. ನಡುವಿನ ತಿರುಳು ಸೀಳಿ ಟೊಳ್ಳಾಗಿ, ಹುಳಿಯ ವಾಸನೆ ಬಂತು. ಅಪ್ಪ ಒಂದು ಹೋಳನ್ನು ಎತ್ತಿ ಮೂಸಿದ. "ಹಣ್ಣಾಗಿ ವಾರದ ಮ್ಯಾಲಾಗೈತಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಇರ್ಲಿ ಬಿಡವ್ವ. ನಿನ್ನ ಕಿವಿ ಒಂದ್ಸಲ ತಪ್ಪತು. ಸಣ್ಣಾಕಿ ನೀನು, ಏನ್ಮಾಡ್ತಿ" ಎಂದು ತಲೆ ಸವರಿದ.

ನನ್ನ ಕಿವಿ ತಪ್ಪಿರಲಿಲ್ಲ. ನಾನು ಬಡಿದೇ ಇರಲಿಲ್ಲ. ಅಪ್ಪ ಅವ್ವ ಸಾಯುವವರೆಗೆ ಕ್ಷಮಿಸಿದ್ದು ನನ್ನ ಕಿವಿಯನ್ನು, ನನ್ನನ್ನಲ್ಲ, ಯಾಕೆಂದರೆ ಅವರಿಗೆ ನಾನು ಹೇಳಲೇ ಇಲ್ಲ. ಆ ಬೇಸಿಗೆ ಅಪ್ಪ ಬಳ್ಳಿಯನ್ನು ಬೇರುಸಹಿತ ಕಿತ್ತು ಹಾಕಿದ. ಎರಡು ತಿಂಗಳ ಮೇಲೆ ಅವ್ವನಿಗೆ ನನ್ನದು ತಿಳಿಯಿತು, ಶಾಲೆಯನ್ನೂ ಬಿಡಿಸಿದರು. ಯಾವುದನ್ನು ಉಳಿಸಿಕೊಳ್ಳಲು ಮುಚ್ಚಿಟ್ಟೆನೋ ಅದೂ ಉಳಿಯಲಿಲ್ಲ. ಆ ಹಣ್ಣು ತಿಂದಿದ್ದರೆ ಅಕ್ಕ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಅವಳದು ರಕ್ತದೊತ್ತಡ ಎಂದು ಈಗ ನನಗೂ ಗೊತ್ತು. ಆದರೆ ಅವಳು ಕೇಳಿದ್ದು ಒಂದೇ, ಅದು ಹಿತ್ತಲಲ್ಲೇ ಇತ್ತು. ಅವಳು ನಾಲ್ಕು ದಿನ ಬೆರಳು ಮಡಿಸಿ ಲೆಕ್ಕ ಹಾಕುತ್ತಾ ನಾಲಿಗೆ ಒಣಗಿಸಿಕೊಂಡು ಹೋದಳು.

ಈಗ ಆ ಮನೆ ಬಿದ್ದು ಹೋಗಿದೆ. ಅಕ್ಕನ ಒಂದು ಫೋಟೋ ಕೂಡ ಇಲ್ಲ, ತೆಗೆಸಿದವರಿಲ್ಲ. ಭಾವ ಮತ್ತೊಂದು ಮದುವೆಯಾಗಿ, ಅವರೂ ತೀರಿಕೊಂಡರು. ಅವಳ ಮುಖ ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ನನಗೂ ಈಗ ಆ ಮುಖ ಪೂರ್ತಿ ನೆನಪಾಗುವುದಿಲ್ಲ. ಊದಿದ ಪಾದ ನೆನಪಾಗುತ್ತದೆ, ನನ್ನ ಮುಂಗೈ ಹಿಡಿದ ಕೈ ನೆನಪಾಗುತ್ತದೆ. ಕ್ಷಮಿಸಿ ಅನ್ನಲು ನನಗೆ ಯಾರೂ ಉಳಿದಿಲ್ಲ, ನಿಮ್ಮನ್ನು ಕೇಳುವುದೂ ಸರಿಯಲ್ಲ. ಓದಿ ಆದ ಮೇಲೆ ನನ್ನ ಹತ್ತಿರ ಬಂದು ಏನೂ ಮಾತಾಡಬೇಡಿ, ನನಗೆ ನಾಚಿಕೆಯಾಗುತ್ತದೆ. ಈ ಹಾಳೆಗಳನ್ನು ಮಾತ್ರ ಹರಿಯಬೇಡಿ, ನೀರು ಬೀಳದ ಕಡೆ ಇಡಿ. ಕೊಟ್ರಮ್ಮ ಅನ್ನುವವಳು ಒಬ್ಬಳು ಇದ್ದಳು ಎಂಬುದು ಇನ್ನು ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲ.