ಆ ಉಗ್ಗು ನನ್ನದಲ್ಲ

ನಾನು ಯಾವತ್ತೂ ಉಗ್ಗಿದವಳಲ್ಲ. ಚಿಕ್ಕಂದಿನಲ್ಲೂ ಇಲ್ಲ, ಆಮೇಲೂ ಇಲ್ಲ. ನನ್ನ ಪುಸ್ತಕದ ಪದ್ಮಿ ನಾನೇ ಎಂದು ಇಷ್ಟು ವರ್ಷ ವೇದಿಕೆಗಳ ಮೇಲೆ ನಿಂತು ಹೇಳಿದ್ದು ಸುಳ್ಳು. ಅದನ್ನು ಕೇಳಿ ಕಣ್ಣೊರೆಸಿಕೊಂಡವರಿದ್ದಾರೆ, ಎದ್ದು ಬಂದು ಕೈ ಹಿಡಿದುಕೊಂಡವರಿದ್ದಾರೆ. ಅವರೆಲ್ಲರ ಎದುರು ನಾನು ಮಾತಿನ ನಡುವೆ ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು — ಅದೂ ಅಭ್ಯಾಸ ಮಾಡಿಕೊಂಡದ್ದೇ.

ಪದ್ಮಿ ನನ್ನ ತಂಗಿ ನಾಗುವಿನ ಮಗಳು. ಇಲ್ಲಿ ಅವಳನ್ನು ಪವಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ.

ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳಿಗಾಗಿ ಕಥೆ ಬರೆದು, ಅದಕ್ಕೆ ಚಿತ್ರವನ್ನೂ ನಾನೇ ಬಿಡಿಸುತ್ತೇನೆ. ಶುರುವಿನ ಪುಸ್ತಕಗಳಲ್ಲಿ ಮಾತಾಡುವ ಅಳಿಲು, ಕೊಡೆ ಹಿಡಿದ ಮೊಲ, ಮೋಡವನ್ನು ಒಗೆದು ಒಣಗಿಸುವ ಅಜ್ಜಿ ಇದ್ದರು. ನೋಡಲು ಚೆಂದ, ಅಷ್ಟೆ. ಓದಿದ ಮಗು ಮಾರನೆಯ ದಿನ ಮರೆಯುವಂಥವು. ಒಬ್ಬ ಪ್ರಕಾಶಕರು ನನ್ನ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, "ಗೆರೆ ಚೆನ್ನಾಗಿದೆ ಮೇಡಂ. ಆದರೆ ಇವರ್‍ಯಾರಿಗೂ ಉಸಿರಿಲ್ಲ" ಎಂದರು. ಆ ಮಾತನ್ನು ಹೊತ್ತುಕೊಂಡು ಊರಿಗೆ ಬಂದೆ. ಎಷ್ಟೋ ದಿನ ಕುಂಚ ಹಿಡಿದರೆ ಕೈ ಭಾರ.

ಶನಿವಾರ ಮಧ್ಯಾಹ್ನ ಶಾಲೆ ಮುಗಿದ ಮೇಲೆ ಬಸ್ಸು ಹಿಡಿದು ತೆರಕಣಾಂಬಿಗೆ, ನಾಗುವಿನ ಮನೆಗೆ ಹೋಗುವುದು ನನ್ನ ರೂಢಿ. ನಾಗುವಿನ ಗಂಡ ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದ. ಪವಿ ಆಗ ಮೂರನೆಯ ಕ್ಲಾಸು. ಅವಳಿಗೆ ಮಾತು ಉಗ್ಗುತ್ತಿತ್ತು. ಅದರಲ್ಲೂ 'ಪ' ಬಂದರೆ — ಅವಳ ಹೆಸರೇ ಅದರಿಂದ ಶುರುವಾಗುತ್ತಿತ್ತು — ತುಟಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು. ಎಡಗಣ್ಣು ಬಿಗಿಯಾಗಿ ಮುಚ್ಚುತ್ತಿತ್ತು. ಬಲಗೈ ತೊಡೆಗೆ ಪಟ್ ಪಟ್ ಎಂದು ಬಡಿಯುತ್ತಿತ್ತು, ಒಳಗೆ ಸಿಕ್ಕಿಕೊಂಡ ಶಬ್ದವನ್ನು ಹೊರಗೆ ತಟ್ಟುವವಳ ಹಾಗೆ. ಕೊನೆಗೊಮ್ಮೆ ಮಾತು ಹೊರಬಿದ್ದಾಗ ಅವಳು ದಣಿದಿರುತ್ತಿದ್ದಳು.

ಮನೆಯವರಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. "ಪಾತ್ರೆನಾ? ಪಾಯ್ಸನಾ? ಏನ್ ಬೇಕಮ್ಮಿ, ಬೇಗ ಯೋಳು" ಎಂದು ನಾಗು ತಾನೇ ಪದ ಹುಡುಕಿ ಕೊಡುತ್ತಿದ್ದಳು. ನಾನು ಮಾತ್ರ ಕೊಡುತ್ತಿರಲಿಲ್ಲ. ಎದುರು ಕುಳಿತು, ಅವಳ ಮುಖವನ್ನೇ ನೋಡುತ್ತ, ಪೂರ್ತಿ ಕಾಯುತ್ತಿದ್ದೆ. ಅದಕ್ಕೇ ಆ ಮಗುವಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಶನಿವಾರದ ಬಸ್ಸಿನಿಂದ ನಾನಿಳಿಯುವುದನ್ನೇ ಕಾದು, ವಾರದ ಮಾತನ್ನೆಲ್ಲ ನನ್ನ ಮಡಿಲಿಗೆ ಸುರಿಯುತ್ತಿದ್ದಳು. "ನೀ-ನೀನು ಮಾತ್ರ ನನ್ ಮಾತ್ ಕೇ-ಕೇಳ್ತೀಯ ದೊಡ್ಡವ್ವ" ಎಂದು ಒಮ್ಮೆ ನನ್ನ ಕೊರಳಿಗೆ ಜೋತುಬಿದ್ದಿದ್ದಳು.

ನಾನು ಕೇಳುತ್ತಿರಲಿಲ್ಲ — ನೋಡುತ್ತಿದ್ದೆ. ತುಟಿ ಎಲ್ಲಿ ಮಡಿಯುತ್ತದೆ, ಗಲ್ಲದ ಕೆಳಗೆ ನರ ಹೇಗೆ ಎದ್ದು ನಿಲ್ಲುತ್ತದೆ, ಕಣ್ಣು ಮುಚ್ಚಿದಾಗ ಹುಬ್ಬಿನ ತುದಿ ಎಷ್ಟು ಇಳಿಯುತ್ತದೆ. ಸರಿಯಾಗಿ ಕಾಣದಿದ್ದರೆ, "ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು" ಎನ್ನುತ್ತಿದ್ದೆ. ಅವಳು ಖುಷಿಯಿಂದ ಮತ್ತೆ ಹೇಳುತ್ತಿದ್ದಳು. ಬೇಕೆಂದೇ 'ಪ' ಬರುವ ಪ್ರಶ್ನೆಗಳನ್ನು ಕೇಳಿದ್ದೂ ಉಂಟು. ಇದನ್ನು ಬರೆಯುವಾಗ ನನಗೇ — ಇರಲಿ, ಬರೆಯಬೇಕಾದ್ದೇ.

ಪುಸ್ತಕಕ್ಕೆ 'ಪಪ್ಪಪದ್ಮಿ' ಎಂದು ಹೆಸರಿಟ್ಟೆ. ಪದ್ಮಿ ಎಂಬ ಹುಡುಗಿಗೆ ಉಗ್ಗು. ಊರಿಗೆಲ್ಲ ಅವಳೆಂದರೆ ನಗೆಪಾಟಲು. ಒಂದು ದಿನ ಕಾಡಿನಿಂದ ಆನೆಯೊಂದು ಬಾಳೆತೋಟಕ್ಕೆ ನುಗ್ಗುತ್ತದೆ. ಪದ್ಮಿ ಗಾಬರಿಯಿಂದ "ಪ-ಪ-ಪ-ಪ-ಪ" ಎಂದು ಕೂಗುವುದು ಆನೆಗೆ ಪಟಾಕಿಯ ಸರದಂತೆ ಕೇಳಿ, ಅದು ಬಾಲ ಎತ್ತಿ ಓಡುತ್ತದೆ. ಊರವರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಕಥೆ ಇಷ್ಟೇ. ಮಗುವಿನ ಕಷ್ಟಕ್ಕೆ ಗೌರವ ಕೊಟ್ಟೆ ಎಂದು ಆಗ ನಿಜವಾಗಿ ನಂಬಿದ್ದೆ. ಆ ಉಗ್ಗಿನಿಂದ ಆನೆ ಓಡದೆ ಹೋಗಿದ್ದರೆ ಆ ಊರು ಪದ್ಮಿಯನ್ನು ಏನು ಮಾಡುತ್ತಿತ್ತು ಎಂದು ಒಂದು ಸಲವೂ ಯೋಚಿಸಲಿಲ್ಲ.

ಚಿತ್ರಗಳಿಗೆ ಉಸಿರು ಬಂದಿತ್ತು. ಅಂಟಿದ ತುಟಿ, ಮುಚ್ಚಿದ ಎಡಗಣ್ಣು, ತೊಡೆ ಬಡಿಯುವ ಕೈ — ಪುಟಪುಟದಲ್ಲೂ. ಪ್ರಕಾಶಕರು ಫೋನಿನಲ್ಲೇ ನಕ್ಕರು. "ಇವಳು ಬದುಕಿದ್ದಾಳೆ ಮೇಡಂ" ಎಂದರು.

ಬದುಕಿದ್ದಳು. ತೆರಕಣಾಂಬಿಯ ಶಾಲೆಯಲ್ಲಿ, ಎರಡನೆಯ ಸಾಲಿನ ಬೆಂಚಿನಲ್ಲಿ ಕುಳಿತಿದ್ದಳು. ಪುಸ್ತಕ ಶಾಲೆಗಳ ಲೈಬ್ರರಿಗೆ ಹೋಯಿತು. ಅಲ್ಲಿನ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, ಚಿತ್ರಗಳನ್ನು ಎತ್ತಿ ತೋರಿಸಿದರು. ಮಕ್ಕಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎಲ್ಲರೂ ಒಟ್ಟಿಗೆ ಅವಳತ್ತ ತಿರುಗಿ ನೋಡಿದರಂತೆ. ಆವತ್ತಿನಿಂದ ಅವಳ ಹೆಸರು ಹೋಯಿತು. ರಸ್ತೆಯಲ್ಲಿ, ನಲ್ಲಿಯ ಹತ್ತಿರ, ಹಾಲಿನ ಡೈರಿಯ ಮುಂದೆ — "ಪಪ್ಪಪದ್ಮಿ, ಆನೆ ಬಂತು ಕೂಗಮ್ಮಿ!" ಎಂದು ಹುಡುಗರು ತೊಡೆ ಬಡಿಯುತ್ತಿದ್ದರು.

ಆ ಶನಿವಾರ ನಾನು ಬಸ್ಸಿಳಿದಾಗ ಅವಳು ಕಾದಿರಲಿಲ್ಲ. ಮನೆಗೆ ಹೋದರೆ ಹಿತ್ತಲ ಬಾಗಿಲ ಹೊಸ್ತಿಲಲ್ಲಿ, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದಳು. ತಲೆಯೆತ್ತಿ ಕೇಳಿದಳು:

"ದೊ-ದೊಡ್ಡವ್ವ, ಅದು ನಾ-ನಾನಾ?"

ಒಂದು 'ಹೌದು' ಸಾಕಿತ್ತು. ತಪ್ಪಾಯಿತು ಎಂದು ಅವಳನ್ನು ಅಪ್ಪಿಕೊಂಡಿದ್ದರೆ — ಆದರೆ ನನ್ನ ಬಾಯಿ ಎಂದೂ ತಡವರಿಸಿದ್ದಲ್ಲ. ಸರಾಗವಾಗಿ ಹೇಳಿಬಿಟ್ಟೆ: "ಅಯ್ಯೋ ಹುಚ್ಚಿ, ನೀನ್ಯಾಕಾಗ್ತೀಯ? ಅದು ನಾನು ಕಣಮ್ಮಿ. ಚಿಕ್ಕೋಳಿದ್ದಾಗ ನಂಗೂ ಹಿಂಗೇ ಉಗ್ತಿತ್ತು. ಎಸ್ಸೆಲ್ಸಿ ಮುಗೀತಿದ್ದಂಗೆ ತಾನಾಗೇ ಹೋಯ್ತು ನೋಡು."

ಅವಳ ಮುಖ ಅರಳಿತು. ಹಾಗೆ ಅರಳಿದ್ದನ್ನು ನಾನು ಎಷ್ಟು ಸಲ ಬಿಡಿಸಲು ಹೋಗಿ ಸೋತಿದ್ದೇನೆ. "ನಿ-ನಿಜವಾಗ್ಲೂ?" ಎಂದಳು. "ನಿನ್ನಾಣೆ" ಎಂದೆ.

ಬಾಗಿಲಲ್ಲಿ ನಿಂತು ನಾಗುವೂ ಕೇಳಿಸಿಕೊಂಡಳು. ಅವಳು ನನಗಿಂತ ಬಹಳ ಚಿಕ್ಕವಳು. ಅವಳಿಗೆ ಬುದ್ಧಿ ತಿಳಿಯುವ ಹೊತ್ತಿಗೆ ನಾನು ಓದಲು ಹಾಸ್ಟೆಲ್ ಸೇರಿದ್ದೆ. ಹಾಗಾಗಿ ನಂಬಿದಳು. "ಅವ್ವ ಒಂದಿನಾನೂ ಯೋಳೇ ಇಲ್ವಲ್ಲಕ್ಕ" ಎಂದಾಗ, "ಅವ್ವನ ಮುಂದೆ ಎತ್ಬೇಡ. ಆಗ ಜನ ಆಡ್ಕೊಂಡಿದ್ದ ನೆನೆಸ್ಕೊಂಡು ಅಳ್ತಾಳೆ" ಎಂದೆ. ಸುಳ್ಳಿಗೆ ಬೇಲಿಯನ್ನೂ ಕಟ್ಟಿದೆ.

ಅದಾದ ಮೇಲೆ ಆ ಮೇಷ್ಟ್ರೇ ಮನೆಗೆ ಬಂದು, ಮೈಸೂರಿನಲ್ಲಿ ಮಾತಿನ ತೊಂದರೆಗೆ ತರಬೇತಿ ಕೊಡುತ್ತಾರೆ, ಮಗುವನ್ನು ಈಗಲೇ ಕರೆದುಕೊಂಡು ಹೋಗಿ ಎಂದು ನಾಗುವಿಗೆ ಹೇಳಿದರು. ಅವಳು ನನಗೆ ಫೋನು ಮಾಡಿದಳು. "ಓಗನಾ ಅಕ್ಕ?" ಎಂದಳು. ಮೈಸೂರಿಗೆ ಹೋದರೆ ಅಲ್ಲಿ ಕೇಳುತ್ತಾರೆ — ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು. ನಾಗು ನನ್ನ ಹೆಸರು ಹೇಳುತ್ತಾಳೆ. ಮಾತು ಅವ್ವನ ತನಕ ಹೋಗುತ್ತದೆ. ಅಷ್ಟೂ ನನ್ನ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಓಡಿತು. "ಬುಡು ನಾಗು, ಸುಮ್ನೆ ಯಾಕೆ ಅಲೀತೀಯ? ನಂಗೆ ಹೋಗ್ಲಿಲ್ವಾ? ಅವಳಿಗೂ ಹೋಗುತ್ತೆ" ಎಂದೆ.

ಪುಸ್ತಕ ಹೆಸರು ಮಾಡಿತು, ಬಹುಮಾನ ಬಂತು. ಬಹುಮಾನದ ದಿನ ಯಾರೋ "ಈ ಪದ್ಮಿ ಯಾರು?" ಎಂದು ಕೇಳಿದರು. ಹಿತ್ತಲ ಹೊಸ್ತಿಲಲ್ಲಿ ಹೇಳಿದ್ದನ್ನೇ ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಜನ ನನ್ನನ್ನು ಭಾಷಣಕ್ಕೆ ಕರೆಯುತ್ತಿದ್ದದ್ದು ಕಥೆಗಾಗಿ ಅಲ್ಲ, ಆ ಸುಳ್ಳಿಗಾಗಿ.

ಪವಿ ಪಿಯುಸಿ ಓದುವಾಗ ಯೂಟ್ಯೂಬ್ ಚಾನೆಲ್ಲಿನವರು ನನ್ನ ಬಾಲ್ಯದ ಬಗ್ಗೆ ವಿಡಿಯೋ ಮಾಡುತ್ತೇವೆಂದು ಬಂದರು. ನಾನು ಹುಟ್ಟಿ ಬೆಳೆದ ಮನೆ ಕುದೇರಿನಲ್ಲಿ; ಅವ್ವ ಅಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ಇದ್ದಳು. ಆವತ್ತು ನಾಗುವೂ ಪವಿಯೂ ಬಂದಿದ್ದರು. ಅವ್ವನನ್ನು ಜಗುಲಿಯಲ್ಲಿ ಕೂರಿಸಿ, ಸೆರಗಿಗೆ ಮೈಕು ಸಿಕ್ಕಿಸಿ, "ಮಗಳು ಉಗ್ತಿದ್ದಾಗ ನಿಮಗೆ ಹೇಗನ್ನಿಸ್ತಿತ್ತಮ್ಮ?" ಎಂದು ಕೇಳಿದರು. ನಾನು ತಡೆಯುವಷ್ಟರಲ್ಲಿ ಅವ್ವ ನಕ್ಕುಬಿಟ್ಟಳು.

"ಇವ್ಳಾ? ಉಗ್ಗೂ ಇಲ್ಲ ಗಿಗ್ಗೂ ಇಲ್ಲ ಕಣಪ್ಪ! ವರ್ಸ ತುಂಬಕ್ ಮುಂಚೇನೇ ಪಟಪಟಾ ಅಂತ ಮಾತಾಡೋಳು. ಸುಮ್ಕಿರ್ಸಕ್ಕೇ ಆಯ್ತಿರ್ಲಿಲ್ಲ."

ಕ್ಯಾಮೆರಾದವನು ನನ್ನತ್ತ ನೋಡಿದ. ಪವಿ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ನಕ್ಕು, ದನಿ ತಗ್ಗಿಸಿ, "ಅವ್ವಂಗೆ ಈಗೀಗ ಮರೆವು. ಅದನ್ನ ತೆಗೆದುಬಿಡಿ" ಎಂದೆ. ಅವ್ವನಿಗೆ ಕೇಳಿಸಿತು. "ನಂಗ್ ಮರ್‍ವಾ?" ಎಂದಳು. ಅವರು ಸೆರಗಿನ ಮೈಕು ಬಿಚ್ಚಿಕೊಂಡರು. ಆಮೇಲೆ ಅವ್ವ ಯಾವುದನ್ನೂ ಖಚಿತವಾಗಿ ಹೇಳುವುದನ್ನೇ ಬಿಟ್ಟಳು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳುವಳು. ತನ್ನ ತವರಿನ ಸುದ್ದಿ ಹೇಳುತ್ತ ನಡುವೆ ನಿಲ್ಲಿಸಿ, "ನಂಗೆ ಮರ್‍ವಂತೆ, ಸರಿಯಾಗ್ ಗೊತ್ತಿಲ್ಲ" ಎನ್ನುವಳು. ಹಾಗೇ ತೀರಿಕೊಂಡಳು. ಅವಳಿಗೆ ಯಾವ ಮರೆವೂ ಇರಲಿಲ್ಲ.

ವಿಡಿಯೋ ಮಾಡಿದ ಆ ಸಂಜೆ ನನ್ನನ್ನು ಬಸ್ಸು ಹತ್ತಿಸಲು ಪವಿ ಜೊತೆಗೆ ಬಂದಳು. ಬಸ್ಸು ದೂರದಲ್ಲಿ ಕಂಡಾಗ ಬಾಯಿ ತೆರೆದಳು.

"ಎಸ್ಸೆಲ್ಸಿ ಮು-ಮುಗಿದ್ಮೇಲೆ ಹೋಗುತ್ತೆ ಅಂತ... ಫಸ್ಟ್ ಪಿ-ಪಿಯುಸಿಲಾದ್ರೂ... ದಿನಾ ಬೆ-ಬೆಳಗ್ಗೆ ಎದ್ದು ಹೆಸ್ರು ಹೇಳ್ಕೊಂಡು ನೋ-ನೋಡ್ತಿದ್ದೆ. ನಾನು ಕಾ... ಕಾ..."

"ಕಾಯ್ತಿದ್ದೆ" ಎಂದೆ ನಾನು.

ಅವಳ ಮಾತನ್ನು ನಾನು ಪೂರ್ತಿ ಮಾಡಿದ್ದು ಅದೇ ಮೊದಲು. ಬಸ್ಸು ಬರುತ್ತಿತ್ತು, ನನಗೆ ಅಲ್ಲಿಂದ ಹೋಗಬೇಕಿತ್ತು. ಅವಳು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ನಾನು ಹತ್ತಿ ಕುಳಿತೆ. ಕಿಟಕಿಯಿಂದ ಕೈ ಬೀಸಿದೆ ಕೂಡ.

ಅವಳು ಯಾರಿಗೂ ಏನೂ ಹೇಳಲಿಲ್ಲ. ಟೀಚರ್ ಆಗಬೇಕೆಂದಿದ್ದವಳು ಓದು ಬಿಟ್ಟು ಗುಂಡ್ಲುಪೇಟೆಯಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿಗೆ ಸೇರಿದಳು. ಮಾತು ಕಡಿಮೆ ಬೇಕಾದ ಕೆಲಸ. ಶನಿವಾರ ನಾನು ತೆರಕಣಾಂಬಿಗೆ ಹೋದರೆ ಅವಳಿಗೆ ಆವತ್ತೇ ಅಂಗಡಿಯಲ್ಲಿ ಕೆಲಸ ಹೆಚ್ಚಿರುತ್ತಿತ್ತು. ಆಮೇಲಾಮೇಲೆ ನಾನೂ ಹೋಗುವುದು ಕಡಿಮೆ ಮಾಡಿದೆ.

ಈಚೆಗೆ ಪ್ರಕಾಶಕರು ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕುತ್ತೇವೆ, ಕೊನೆಯಲ್ಲಿ ನಿಮ್ಮ 'ನಿಜ ಜೀವನದ ಕಥೆ' ಎರಡು ಪುಟ ಇರಲಿ ಎಂದರು. ಬರೆಯಲು ಕುಳಿತೆ. ಕೈ ಏಳಲಿಲ್ಲ. ಮೊದಲು ನಾಗುವಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು. ಬೈಯುತ್ತಾಳೆ, ಆಚೆ ನಡಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದುಕೊಂಡು, "ನಾನೇ ಮೇಷ್ಟ್ರ ಮಾತ ಕೇಳ್ಬೇಕಿತ್ತು" ಎಂದಳು. ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ಅದನ್ನು ಅವಳಿಂದ ಬಿಡಿಸಲು ನನ್ನ ಕೈಯಲ್ಲಿ ಇನ್ನೂ ಆಗಿಲ್ಲ.

ಅಲ್ಲಿಂದ ಗುಂಡ್ಲುಪೇಟೆಗೆ ಹೋದೆ. ಅಂಗಡಿಯ ಮುಂದೆ ಆಧಾರ್ ಕಾರ್ಡ್, ಪಹಣಿ ಹಿಡಿದ ಜನ. ಪವಿ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದಳು. ಅಷ್ಟು ಜನರ ನಡುವೆಯೇ ಹೇಳಿದೆ — ಎಲ್ಲವನ್ನೂ ಬರೆಯುತ್ತೇನೆ, ನಿನ್ನ ಹೆಸರು ಹಾಕುವುದಿಲ್ಲ, ನಾನು ಮಾಡಿದ್ದೆಲ್ಲ ಜನಕ್ಕೆ ಗೊತ್ತಾಗಲಿ ಎಂದು. ಅವಳು ಕೇಳಿಸಿಕೊಂಡಳು. ಎಡಗಣ್ಣು ಮುಚ್ಚಿತು, ತುಟಿ ಅಂಟಿತು. ಈ ಸಲ ನಾನು ಕಾದೆ.

"ಬ-ಬರೀರಿ ದೊಡ್ಡವ್ವ. ಅದ್ರಲ್ಲೂ ನೀ-ನೀವೇ ದೊಡ್ಡೋರಾಗ್ತೀರ."

ಕೊರಳಿಗೆ ಜೋತುಬಿದ್ದು 'ನೀನು' ಎನ್ನುತ್ತಿದ್ದವಳು ನನ್ನನ್ನು 'ನೀವು' ಎಂದಳು. ಆಮೇಲೆ ನನ್ನ ಹಿಂದೆ ನಿಂತಿದ್ದವರ ಕಡೆಗೆ ಕೈ ಚಾಚಿ ಅವರ ಕಾಗದ ತೆಗೆದುಕೊಂಡಳು.

ಅವಳು ಹೇಳಿದ್ದು ನಿಜ. ಇದನ್ನು ಓದಿ ನನ್ನ ಧೈರ್ಯವನ್ನು ಹೊಗಳುವವರು ಇರುತ್ತಾರೆ. ದಯವಿಟ್ಟು ಬೇಡ. ಪುಸ್ತಕ ಮತ್ತೆ ಅಚ್ಚಾಗುವುದು ಬೇಡವೆಂದು ಪ್ರಕಾಶಕರಿಗೆ ತಿಳಿಸಿದ್ದೇನೆ. ಆದರೆ ಶಾಲೆಗಳ ಕಪಾಟಿನಲ್ಲಿ ಇರುವ ಪ್ರತಿಗಳನ್ನು ನಾನು ಹಿಂದಕ್ಕೆ ತರಲಾರೆ.

ಹಾಗೆಯೇ ಹಿಂದಕ್ಕೆ ತರಲಾಗದ ಇನ್ನೊಂದಿದೆ; ಇದನ್ನು ಬರೆಯುತ್ತಿರುವುದೂ ಅದಕ್ಕೇ. ನನ್ನ ಭಾಷಣ ಮುಗಿದ ಮೇಲೆ ತಾಯಂದಿರು ಬರುತ್ತಿದ್ದರು, ಉಗ್ಗುವ ಮಕ್ಕಳನ್ನು ಕೈ ಹಿಡಿದುಕೊಂಡು. ಚಂದಕವಾಡಿಯಲ್ಲೊಬ್ಬಳು ಬಂದಿದ್ದಳು, ಹಸಿರು ಸೀರೆ. ಮಗಳು ಅವಳ ಸೆರಗಿನ ಹಿಂದೆ ಅಡಗಿದ್ದಳು. "ಇವ್ಳಿಗೂ ಓಯ್ತದಾ ಮೇಡಂ?" ಎಂದು ಕೇಳಿದಳು. "ಹೋಗುತ್ತೆ, ಕಾಯಿರಿ" ಎಂದೆ. ಹಾಗೆ ಎಷ್ಟೋ ಊರುಗಳಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಅವರ ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ಇದು ಅವರ ಕಣ್ಣಿಗೆ ಬೀಳಲಿ, ಇಲ್ಲವೆ ಓದಿದವರು ಯಾರಾದರೂ ಅವರಿಗೆ ತಲುಪಿಸಲಿ.

ಕಾಯಬೇಡಿ ತಾಯಿ. ನಾನು ಹೇಳಿದ್ದು ಸುಳ್ಳು. ಮಗುವನ್ನು ಕರೆದುಕೊಂಡು ನಾಳೆಯೇ ಮೈಸೂರಿನ ಬಸ್ಸು ಹತ್ತಿ.