ಮುಂದಿನ ಆಕ್ಸಲ್ ಬಾಕಿ ಉಳಿದ ದೀಪಾವಳಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ವಡೋದರದ ಮಕರಪುರದಲ್ಲಿ, ಆಕ್ಸಲ್ ಗೇರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೆ. ಯಾವ ಗಾಡಿಗೆ ಯಾವ ಗೇರ್ ಸರಿ ಎಂದು ಹೇಳುವುದು ನನ್ನ ಕೆಲಸ. ಹೇಳಿದ ಮೇಲೂ ಸುಮ್ಮನಿರಲಾಗದೆ ಫೋನ್ ಮಾಡಿ ತಲೆ ತಿನ್ನುವುದು ನನ್ನ ಸ್ವಭಾವ.

ಗೋರ್ವಾದ ಜಿಗ್ನೇಶ್‌ಭಾಯಿ ಟ್ರಾನ್ಸ್‌ಫಾರ್ಮರ್ ಎಣ್ಣೆ ಶುದ್ಧ ಮಾಡುವ ಗುತ್ತಿಗೆದಾರರು. ಅವರ ಯಂತ್ರ ಟ್ರೇಲರ್ ಮೇಲಿತ್ತು. ಅದನ್ನು ಫೋರ್‌ವೀಲ್ ಡ್ರೈವ್ ಪಿಕಪ್ ಎಳೆಯುತ್ತಿತ್ತು. ಏರುಗಳಲ್ಲಿ ಗಾಡಿ ಏದುಸಿರು ಬಿಡುತ್ತಿದೆ ಎಂದು ದೀಪಾವಳಿಗೆ ಮುಂಚೆ ನನ್ನ ಬಳಿ ಬಂದರು.

"ಸಾಹೇಬ್, ಚೆನ್ನಾಗಿ ಎಳೀಬೇಕು, ಡೀಸೆಲ್ ಕುಡೀಬಾರದು," ಎಂದರು.

"ಹಾಗಾದ್ರೆ ಎತ್ತು ಕಟ್ಟಿ," ಎಂದೆ.

ಗಾಡಿಯ ಆಕ್ಸಲ್ ರೇಷಿಯೊ 3.9 ಇತ್ತು. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ 3.9 ಸುತ್ತು ಸುತ್ತಬೇಕು. ಈ ಅಂಕಿ ಹೆಚ್ಚಿದಷ್ಟೂ ಎಳೆಯುವ ಶಕ್ತಿ ಹೆಚ್ಚು. ಹೆದ್ದಾರಿಯಲ್ಲಿ ಎಂಜಿನ್ನಿನ ಅರಚಾಟವೂ ಹೆಚ್ಚು. ಅಳೆದು ಸುರಿದು 4.3 ಎಂದು ನಿರ್ಧರಿಸಿದೆ.

ತೊಡಕು ಶುರುವಾದದ್ದು ಅಲ್ಲಿಂದ. ಹಿಂದಿನ ಆಕ್ಸಲ್‌ನ ಗೇರ್ ನಮ್ಮಲ್ಲಿತ್ತು, ಮುಂದಿನದು ಅಹಮದಾಬಾದಿನ ಅಂಗಡಿಯಿಂದ ಬರಬೇಕಿತ್ತು. ಗುಜರಾತಿನಲ್ಲಿ ದೀಪಾವಳಿಗೆ ಬಾಗಿಲು ಹಾಕಿದ ಅಂಗಡಿ ಐದು ದಿನ ಕಳೆದು ಲಾಭ ಪಂಚಮಿಗೇ ತೆರೆಯುವುದು. ಜಿಗ್ನೇಶ್‌ಭಾಯಿಗೆ ದೀಪಾವಳಿಗೆ ಎರಡು ದಿನ ಮುಂಚಿನ ಧನತೇರಸ್ ಪೂಜೆಗೆ ಗಾಡಿ ಮನೆ ಮುಂದೆ ನಿಲ್ಲಲೇಬೇಕು. ಹಿಂದಿನದನ್ನಾದರೂ ಹಾಕಿಕೊಡಿ ಎಂದು ಹಟ ಹಿಡಿದರು.

ಫಿಟಿಂಗ್ ವಿಭಾಗದ ಮುಖ್ಯಸ್ಥ ವೀರೇಶ ಗದಗಿನವನು. "ಸರ, ಹಿಂದ ಒಂದು ರೇಷಿಯೊ, ಮುಂದ ಒಂದು ಇಟ್ರ ಹೆಂಗ್ರಿ? ಫೋರ್‌ವೀಲ್ ಹಾಕಿದ್ರ ಗಾಡಿ ತನ್ನ ಜೋಡಿ ತಾನ ಜಗಳಾಡ್ತೈತಿ," ಎಂದ.

ಅವನ ಮಾತು ಸರಿಯಾಗಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ ಜೋಡಿಸುವ ಲಿವರ್ ಎಳೆದರೆ ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಜಲ್ಲಿಯ ಮೇಲೆ ಚಕ್ರಗಳು ಜಾರಿ ಹೇಗೋ ಸುಧಾರಿಸಿಕೊಂಡಾವು. ಗಟ್ಟಿ ಡಾಂಬರಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅದಕ್ಕೇ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಶಾಫ್ಟ್ ಬಿಚ್ಚಿಸಿ ಗಾಡಿಯ ಹಿಂಭಾಗದಲ್ಲಿ ಇಡಿಸಿದೆ. ಲಿವರ್ ಎಳೆದರೂ ಈಗ ಏನೂ ಆಗುವಂತಿರಲಿಲ್ಲ. ಲಾಭ ಪಂಚಮಿಯವರೆಗೆ ಆ ಶಾಫ್ಟನ್ನು ಮುಟ್ಟಬೇಡಿ ಎಂದು ಜಿಗ್ನೇಶ್‌ಭಾಯಿಗೆ ಒತ್ತಿ ಒತ್ತಿ ಹೇಳಿದೆ.

ಆದರೂ ಹಬ್ಬದುದ್ದಕ್ಕೂ ಮನಸ್ಸು ನಿಲ್ಲಲಿಲ್ಲ. ಗುಜರಾತಿಗಳ ಹೊಸವರ್ಷದ ಬೆಳಿಗ್ಗೆ ಸಾಲ್ ಮುಬಾರಕ್ ಹೇಳುವ ನೆಪದಲ್ಲಿ ಅವರಿಗೆ ಫೋನ್ ಮಾಡಿದೆ. ಡಾಂಗ್ ಗುಡ್ಡಗಳ ಸಬ್‌ಸ್ಟೇಶನ್ ಒಂದರಿಂದ ತುರ್ತು ಕರೆ ಬಂದಿತ್ತಂತೆ. ಗಾಡಿ ಟ್ರೇಲರ್ ಸಮೇತ ನಸುಕಿನಲ್ಲೇ ಹೊರಟಿತ್ತು.

"ಶಾಫ್ಟ್?" ಎಂದೆ.

"ಗುಡ್ಡ ಅಲ್ವಾ ಸಾಹೇಬ್, ಫೋರ್‌ವೀಲ್ ಬೇಕಾಗುತ್ತೆ. ಪಕ್ಕದ ಗ್ಯಾರೇಜಿನವನ ಕೈಲಿ ಹಾಕಿಸಿದೆ. ಚಾಲ್ಶೆ!"

ನಡೆಯುತ್ತೆ ಬಿಡಿ ಎನ್ನುವುದಕ್ಕೆ ಇಲ್ಲಿನವರ ಮಾತು ಅದು. ನನ್ನ ಮೈಯೆಲ್ಲ ಉರಿದುಹೋಯಿತು. ಚಾಲಕ ರಣಛೋಡ್‌ಭಾಯಿಗೆ ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಹೆಣ್ಣುದನಿ. ಮತ್ತೆ ಮಾಡಿದೆ, ಅದೇ ದನಿ. ಕಾರಿನ ಕೀ ತೆಗೆದುಕೊಂಡೆ.

"ಹಬ್ಬದ ದಿನಾನೂ ನಿಮ್ಗೆ ಗೇರೇನಾ?" ಎಂದು ಹೆಂಡತಿ ಸಿಡುಕಿದಳು. ನನ್ನ ಮುಖ ನೋಡಿ, "ಹುಷಾರಾಗಿ ಹೋಗ್ಬನ್ನಿ," ಎಂದಳು.

ದಾರಿಯಲ್ಲಿ ವೀರೇಶನನ್ನು ಹತ್ತಿಸಿಕೊಂಡೆ. ಅವನು ಫೋನ್ ಒತ್ತುತ್ತಲೇ ಇದ್ದ. ಭರೂಚ್ ದಾಟಿತು, ಸೂರತ್ ದಾಟಿತು. ಎದುರಿಗೆ ಪಿಕಪ್ ಕಂಡಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತಿತ್ತು. ಟ್ರೇಲರ್ ಮಗುಚಿ ರಣಛೋಡ್‌ಭಾಯಿ ಕೆಳಗೆ ಸಿಕ್ಕಿಕೊಂಡಂತೆ ಕಣ್ಣಿಗೆ ಕಟ್ಟುತ್ತಿತ್ತು. ಊಟದ ಯೋಚನೆ ಇಬ್ಬರಿಗೂ ಬರಲಿಲ್ಲ.

ವಾಂಸದಾ ದಾಟಿ ಘಾಟಿ ಹತ್ತುವಾಗ ತಿರುವಿನಲ್ಲಿ ಜನ ಸೇರಿದ್ದರು. ಪಿಕಪ್ ತಡೆಗೋಡೆ ಒಡೆದು, ಮುಂದಿನ ಒಂದು ಚಕ್ರ ಕಣಿವೆಯ ಮೇಲೆ ನೇತಾಡುತ್ತಿತ್ತು. ಟ್ರೇಲರ್ ಅಡ್ಡ ತಿರುಗಿ ದಿಬ್ಬಕ್ಕೆ ಸಿಕ್ಕಿಕೊಂಡಿತ್ತು. ಗಾಡಿ ಉರುಳದಂತೆ ಹಿಡಿದಿದ್ದು ಅದೊಂದೇ. ರಣಛೋಡ್‌ಭಾಯಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಗಾಯವಾಗಿರಲಿಲ್ಲ. ವೀರೇಶ ಕೊಟ್ಟ ನೀರನ್ನು ಕುಡಿಯದೆ ತಲೆಯ ಮೇಲೆ ಸುರಿದುಕೊಂಡರು. ನನಗೆ ಅಳುವೇ ಬಂತು.

ರಸ್ತೆ ಕೆಲಸದ ಜಲ್ಲಿಯಲ್ಲಿ ಚಕ್ರ ಸುಮ್ಮನೆ ತಿರುಗತೊಡಗಿದಾಗ ಅವರು ಲಿವರ್ ಎಳೆದಿದ್ದರು. ಗಾಡಿ ಮೇಲೆ ಬಂತು. ಮುಂದೆ ಡಾಂಬರು, ತಿರುವು. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಯಿತು.

"ಅದನ್ನ ಯಾಕೆ ಎಳೆದ್ರಿ?" ಎಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಕಷ್ಟಕ್ಕೇ ಅಲ್ವಾ ಸಾಹೇಬ್ ಅದು ಇರೋದು? ಕಷ್ಟ ಬಂತು, ಎಳೆದೆ. ಎಳೀಬಾರದು ಅಂತ ನನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಜಿಗ್ನೇಶ್‌ಭಾಯಿಗೆ ಹೇಳಿದ್ದು ಅವರಲ್ಲೇ ಉಳಿದಿತ್ತು. ಗಾಡಿ ಯಾರದಾದರೂ ಆಗಲಿ, ಕೂತು ಓಡಿಸುವವರ ಮುಂದೆ ನಿಂತು ಹೇಳದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ ಎನ್ನುವುದನ್ನು ಆ ತಿರುವು ನನಗೆ ಕಲಿಸಿತು.

ಲಾಭ ಪಂಚಮಿ ಕಳೆದು ಗಾಡಿ ರಿಪೇರಿಯಾಯಿತು. ಎರಡೂ ಆಕ್ಸಲ್‌ಗೆ 4.3 ಕೂತಿತು. ರಣಛೋಡ್‌ಭಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋರ್‌ವೀಲ್ ಹಾಕಿ ಕಾರ್ಖಾನೆಯ ಹಿಂದಿನ ಮಣ್ಣಿನ ಏರನ್ನು ಹತ್ತಿಸಿ ತೋರಿಸಿದೆ. ಗಾಡಿ ಸಲೀಸಾಗಿ ಹತ್ತಿತು. ಅವರು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದರು.